ತುಳಸಿ ಒಣಗಿದ್ರ ಸೊಸೀನ್ನ ಬೈಬ್ಯಾಡ್ರಿ, ಬೇರು ನೋಡ್ರಿ

ವೈನಿ, ಅಕ್ಕ ತಂಗ್ಯಾರ, ಇವತ್ತ ಸ್ವಲ್ಪ ಸಿಟ್ಟಿನಿಂದನ ಬರೀತೇನಿ. ಕುಂಡದಾಗಿನ ತುಳಸಿ ಒಣಗಿತಂದ್ರ ನಮ್ಮ ಮನಿಗೋಳಾಗ ಮೊದಲ ಏಳೂ ಪ್ರಶ್ನಿ, "ಯಾರು ಮುಟ್ಟಿದ್ರು?" ಸೊಸಿ ಇದ್ರ ಸೊಸಿ ಮ್ಯಾಲೆ, ದೊಡ್ಡಾಕಿ ಆದ ಹುಡುಗಿ ಇದ್ರ ಆಕಿ ಮ್ಯಾಲೆ ಎಲ್ಲಾರ ಕಣ್ಣು. ಮುಟ್ಟಾದಾಕಿ ನೆರಳು ಬಿದ್ದು ತುಳಸಿ ಸುಟ್ಟಿತು ಅಂತ ಇನ್ನೂ ಅನ್ನತಾರ. ಅನ್ನೋರೂ ನಾವು ಹೆಣ್ಣಮಕ್ಕಳ! ಅದ ಕಟ್ಟಿ ಮ್ಯಾಲಿನ ಸೇವಂತಿಗಿನೂ ಹಂಗ ಬಾಡತದ. ಅದಕ್ಕ ಯಾರೂ ಮಡಿ ಕೇಳೂದಿಲ್ಲ.

ಹುಡುಗೀನ್ನ ಕೇಳೂಕಿಂತ ಮೊದಲ ಬೇರು ನೋಡ್ರಿ. ಮಣ್ಣು ಹಸಿ ಇದ್ರೂ ಎಲಿ ಜೋತು ಬಿದ್ದಾವೇನು? ಗಿಡ ಹಿಡದ್ರ ಸಡಿಲಾದ ಹಲ್ಲಿನಂಗ ಅಳ್ಳಾಡತದೇನು? ಹಂಗಿದ್ರ ಗೊಣ್ಣಿ ಹುಳದ ಕೆಲಸ ಇರಬೇಕು. ಬಿಳಿ ದಪ್ಪ ಮೈ, ಕಂದು ತಲಿ, ಮುಂದ ಆರು ಕಾಲು, ಬಿಲ್ಲಿನಂಗ ಬಾಗಿ ಮಣ್ಣಾಗ ಮಲಗಿರತದ. ಸಣ್ಣ ಬೇರೆಲ್ಲಾ ತಿಂದು ಹಾಕತದ. ಬೇರಿಲ್ಲದ ಗಿಡಕ್ಕ ನೀರು ಏರೂದಿಲ್ಲ. ಬಾಡೇದ ಅಂತ ಮತ್ತಷ್ಟು ಸುರದ್ರ ಉಳದದ್ದೂ ಕೊಳೀತದ.

ಮುಂಗಾರು ಮಳಿ ಬಿದ್ದ ಮ್ಯಾಲೆ ಸಂಜೀಕೆ ದೀಪಕ್ಕ ಬಂದು ಟಪ್ ಅಂತ ಬೀಳೂ ಕಂದು ದುಂಬಿ ನೋಡೀರಲ್ಲ? ಅವು ಬೇವಿನ ಎಲಿ ತಿಂದು ಮಣ್ಣಾಗ ತತ್ತಿ ಇಡತಾವ. ಅವುಗಳ ಮರಿನ ಇದು. ಅರ್ಧ ಕೊಳತ ಸಗಣಿ ಗೊಬ್ಬರದ ಜೋಡಿನೂ ಬರತದ. ಅದಕ್ಕ ಮಡಿ ಮೈಲಿಗಿ ಎಲ್ಲಿ ಗೊತ್ತು?

ಇನ್ನ ಕೆಲವರು ಹುಳ ಕಂಡ ಕೂಡಲೆ ಹೊಲಕ್ಕ ಹಾಕೂ ಹರಳಿನ ಔಷಧ ತಂದು ಸುರೀತಾರ. ಅಂಥಾದ್ದೊಂದು ಫೋರೇಟ್, 2020ರ ಕೊನೀಗೆ ನಮ್ಮ ದೇಶದಾಗ ಪೂರಾ ಬಂದ್ ಆತು, ಅಷ್ಟು ಕೆಟ್ಟ ವಿಷ. ಬೇರು ಅದನ್ನ ಹೀರಿ ಎಲಿಗೆ ಏರಸತದ. ಅದ ಎಲಿ ತೀರ್ಥದಾಗ, ಕೆಮ್ಮೂ ಕೂಸಿನ ಕಷಾಯದಾಗ. ಕರಿಬೇವಾದ್ರ ದಿನಾ ಒಗ್ಗರಣ್ಯಾಗ. ಹುಳದಕಿಂತ ಇದು ದೊಡ್ಡ ಪಾಪ.

ಮಾಡೂದು ಇಷ್ಟ. ಹಳೇ ಪೇಪರ್ ಹಾಸಿ ಕುಂಡ ಬೋರಲ ಹಾಕ್ರಿ. ಹುಳ ಆರಿಸಿ ಸೋಪಿನ ನೀರಾಗ ಹಾಕ್ರಿ, ಇಲ್ಲಾ ಅಂಗಳಕ್ಕ ಒಗೀರಿ, ಕಾಗಿ ತಿಂತಾವ. ಟೊಂಗಿ ಸ್ವಲ್ಪ ಕತ್ತರಿಸಿ, ಬ್ಯಾರೆ ಮಣ್ಣಿಗೆ ಒಂದು ಮುಷ್ಟಿ ಬೇವಿನ ಹಿಂಡಿ ಕಲಿಸಿ ನೆಡ್ರಿ. ಎಂಟು ದಿನ ನೆರಳಾಗ ಇಡ್ರಿ, ಮ್ಯಾಲಿನ ಮಣ್ಣು ಒಣಗಿದ ಮ್ಯಾಲೆ ಅಷ್ಟ ನೀರು. ಹಳೇ ಮಣ್ಣು ತೆಳ್ಳಗ ಹರವಿ ಬಿಸಲಿಗೆ ಒಣಗಸ್ರಿ. ಗೊಬ್ಬರ ಪೂರಾ ಕೊಳತು ಪುಡಿ ಆಗಿರಬೇಕು. ಮುಂಗಾರಿನ ಸಂಜಿಗೆ ಕುಂಡದ ಬಾಯಿಗೆ ಹಳೇ ಸೊಳ್ಳಿ ಪರದಿ ತುಂಡು ಕಟ್ಟ್ರಿ. ಗೊಬ್ಬರದ ಗುಂಡ್ಯಾಗ ಬೆನ್ನ ಮ್ಯಾಲೆ ತೆವಳೂ ಹುಳ ಬ್ಯಾರೆ, ಅದು ಕಸ ತಿಂದು ಗೊಬ್ಬರ ಮಾಡತದ, ಬಿಟ್ಟುಬಿಡ್ರಿ.

ಹುಳ ಸಿಗಲಿಲ್ಲೇನು? ಕುಂಡದ ತೂತು ಮುಚ್ಚಿ ನೀರು ನಿಂತಿರಬೇಕು, ಇಲ್ಲಾ ತೆನಿ ಚಿವುಟದ ಗಿಡ ಮುಪ್ಪಾಗಿರಬೇಕು. ಆಗೂ ಹುಡುಗಿದೇನೂ ತಪ್ಪಿಲ್ಲ.

"ಹಿರಿಯರು ಹೇಳಿದ್ದು ಸುಳ್ಳೇನು?" ಅಂತ ಕೇಳತೀರಿ. ತುಳಸಿ ಮ್ಯಾಲೆ ಭಕ್ತಿ ನನಗೂ ಅದ. ಭಕ್ತಿ ಇದ್ದಾಕಿ ಕೈಗೆ ಮಣ್ಣು ಹತ್ತಿಸಿಕೋಬೇಕು, ಮನೀ ಹುಡುಗಿ ಮನಸಿಗೆ ಅಲ್ಲ.