‘ಸಂಗೀತ ಬೇಡ’ ಎಂದ ಮೇಲೆ ಏನು?

ಹತ್ತನೆಯ ತರಗತಿಯ ಫಲಿತಾಂಶ ಬಂದ ಬಳಿಕ ನಮ್ಮ ಹುಲ್ಲಹಳ್ಳಿಯ ಮನೆಗಳಲ್ಲಿ ಒಂದೇ ಚರ್ಚೆ: ಮುಂದೆ ಯಾವ ವಿಷಯ? ಪಿಯುಸಿ ಕಲಾ ವಿಭಾಗದ ಐಚ್ಛಿಕ ವಿಷಯಗಳಲ್ಲಿ ಇತಿಹಾಸ, ಅರ್ಥಶಾಸ್ತ್ರಗಳ ಜೊತೆಗೆ ಕರ್ನಾಟಕ ಸಂಗೀತವೂ ಹಿಂದೂಸ್ತಾನಿ ಸಂಗೀತವೂ ಇವೆ. ಮುಂದೆ ಓದಲು ಮೈಸೂರಿನಲ್ಲಿ ಗಂಗೂಬಾಯಿ ಹಾನಗಲ್ ಅವರ ಹೆಸರಿನ ಸಂಗೀತ ವಿಶ್ವವಿದ್ಯಾಲಯವೇ ಇದೆ. ಆದರೆ ಮಗಳೊಬ್ಬಳು, “ಅಬ್ಬಾ, ನಾನು ಸಂಗೀತ ತೆಗೆದುಕೊಳ್ಳುತ್ತೇನೆ” ಎಂದರೆ ಏನಾಗುತ್ತದೆ? ಅಲ್ಲಿಯವರೆಗೆ ಫಜ್ರ್ ನಮಾಝಿಗೆ ಏಳದ ತಂದೆಗೂ ‘ಹರಾಮ್’ ಎಂಬ ಪದ ನೆನಪಾಗುತ್ತದೆ. ಅದೇ ಸಿಟ್ಟಿನಲ್ಲಿ ಕಾಲೇಜಿನ ಅರ್ಜಿಯೂ ಮೂಲೆ ಸೇರುತ್ತದೆ.

ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ನಾಲ್ಕೂ ಮದ್‌ಹಬ್‌ಗಳ ಬಹುಪಾಲು ವಿದ್ವಾಂಸರು ವಾದ್ಯಸಂಗೀತವನ್ನು ಸಮ್ಮತಿಸಿಲ್ಲ. ಪವಿತ್ರ ಕುರ್‌ಆನಿನ ಲುಕ್ಮಾನ್ ಅಧ್ಯಾಯದ 6ನೆಯ ಸೂಕ್ತದಲ್ಲಿ ಬರುವ ‘ಲಹ್ವಲ್ ಹದೀಸ್’ ಎಂಬುದನ್ನು ಇಬ್ನು ಮಸ್‌ಊದ್(ರ) ಹಾಡುಗಾರಿಕೆಯೆಂದೇ ಅರ್ಥೈಸಿದರು. ಸಹೀಹ್ ಬುಖಾರಿಯಲ್ಲಿ ವಾದ್ಯಗಳನ್ನು ಮದ್ಯದ ಸಾಲಿನಲ್ಲಿ ಎಣಿಸಿದ ಹದೀಸ್ ಇದೆ. ನಾನು ಕಲಿತದ್ದೂ ಇದನ್ನೇ, ಕಲಿಸುವುದೂ ಇದನ್ನೇ. ಆದ್ದರಿಂದ ಸಂಗೀತವನ್ನು ಆರಿಸಬೇಡಿ ಎಂದೇ ಮಕ್ಕಳಿಗೆ ಸಲಹೆ ನೀಡುತ್ತೇನೆ.

ಆದರೆ ಅರ್ಧ ಸತ್ಯವನ್ನು ಹೇಳಿ ಮಗಳ ಬಾಯಿ ಮುಚ್ಚಿಸುವುದು ವಿದ್ಯೆಗೆ ಬಗೆಯುವ ದ್ರೋಹ. ಈದ್ ದಿನ ಆಯಿಶಾ(ರ)ರ ಮನೆಯಲ್ಲಿ ಇಬ್ಬರು ಬಾಲಕಿಯರು ಹಾಡುತ್ತಿದ್ದುದೂ, ಅಬೂಬಕರ್(ರ) ಗದರಿದಾಗ ಪ್ರವಾದಿ(ಸ)ಯವರು ತಡೆದುದೂ ಅದೇ ಬುಖಾರಿಯಲ್ಲಿದೆ. ಇಬ್ನು ಹಝ್ಮ್ ನಿಷೇಧದ ವರದಿಗಳನ್ನು ಪ್ರಮಾಣವೆಂದು ಒಪ್ಪಲಿಲ್ಲ. ಇಮಾಮ್ ಗಝಾಲಿಯವರು ‘ಇಹ್ಯಾ’ದಲ್ಲಿ ಈ ವಿಷಯಕ್ಕೆಂದೇ ಒಂದು ಭಾಗವನ್ನು ಮೀಸಲಿಟ್ಟು, ಆಲಿಸುವುದು ಎಲ್ಲಿ ಸರಿ, ಎಲ್ಲಿ ತಪ್ಪು ಎಂದು ಬಿಡಿಸಿ ಹೇಳಿದರು. ನಮ್ಮ ನಾಡಿನಲ್ಲೇ, ಧಾರವಾಡದಲ್ಲಿ ನೆಲೆಸಿದ ರಹಿಮತ್ ಖಾನರ ಮನೆತನ ತಲೆಮಾರುಗಳಿಂದ ಸಿತಾರ್ ನುಡಿಸಿತು. ಮುಸ್ಲಿಮರು ಮಾಡಿದ್ದೆಲ್ಲವೂ ಧರ್ಮಕ್ಕೆ ಪ್ರಮಾಣವಲ್ಲ, ನಿಜ. ಆದರೆ ಭಿನ್ನಾಭಿಪ್ರಾಯವೇ ಇರಲಿಲ್ಲವೆಂದು ಮಕ್ಕಳಿಗೆ ಹೇಳುವುದು ಸುಳ್ಳು. ನಾಳೆ ಅವರೇ ಓದಿ ತಿಳಿದಾಗ ನಮ್ಮ ಉಳಿದ ಮಾತುಗಳನ್ನೂ ನಂಬಲಾರರು.

ಇನ್ನು ನಮ್ಮ ಮದುವೆಗಳನ್ನು ನೋಡಿ. ನಿಕಾಹ್ ಖುತ್ಬಾ ಆಲಿಸಿ ಹೊರಬಂದರೆ ಡಿಜೆ ಸದ್ದಿಗೆ ಎದೆ ಅದುರುತ್ತದೆ. ಹಾಡಿಗೆ ಹಣ ಕೊಟ್ಟವರು ಯಾರು? ಮಗಳಿಗೆ ಹರಾಮಿನ ಪಾಠ ಹೇಳಿದ ಹಿರಿಯರೇ ಅಲ್ಲವೇ? ಮಗನ ಮೆರವಣಿಗೆಯಲ್ಲಿ ಮರೆತುಹೋಗುವ ಫತ್ವಾ ಮಗಳ ಪುಸ್ತಕದ ಮುಂದೆ ಮಾತ್ರ ನೆನಪಾಗುವುದಾದರೆ, ಅದು ದೀನ್ ಅಲ್ಲ. ದೀನಿನ ಹೆಸರಿನ ದರ್ಪ.

ನನ್ನ ಪ್ರಶ್ನೆ ಇಷ್ಟೇ: ಬೇಡವೆಂದ ಮೇಲೆ ಏನು? ನೀವು ನಿಲ್ಲಿಸಬೇಕಾಗಿದ್ದುದು ಒಂದು ವಿಷಯವನ್ನು. ನಿಲ್ಲಿಸಿದ್ದು ಇಡೀ ಓದನ್ನು. ಸಂಗೀತದಲ್ಲಿ ಭಿನ್ನಾಭಿಪ್ರಾಯವುಂಟು, ಜ್ಞಾನಾರ್ಜನೆ ಕಡ್ಡಾಯವೆಂಬುದರಲ್ಲಿ ಇಲ್ಲ. ವಿವಾದವಿರುವುದನ್ನು ತಪ್ಪಿಸಲು ಹೋಗಿ ವಿವಾದವೇ ಇಲ್ಲದ ಕರ್ತವ್ಯವನ್ನು ಕೈಬಿಡುವುದು ಯಾವ ಫಿಕ್‌ಹ್?

ಇಂಪಾದ ಕಂಠ ಅಲ್ಲಾಹನ ಕೊಡುಗೆ. ಅಬೂ ಮೂಸಾ ಅಲ್ ಅಶ್‌ಅರೀ(ರ)ಯವರ ಕುರ್‌ಆನ್ ಪಠಣವನ್ನು ಆಲಿಸಿದ ಪ್ರವಾದಿ(ಸ)ಯವರು, ಅದನ್ನು ದಾವೂದ್(ಅ)ರ ಇಂಪಿಗೆ ಹೋಲಿಸಿ ಮೆಚ್ಚಿದರು. ಹಾಡಬಯಸುವ ಮಗಳಿಗೆ ತಜ್ವೀದ್ ಕಲಿಸುವ ಶಿಕ್ಷಕಿಯನ್ನು ಗೊತ್ತುಮಾಡಿ. ಕನ್ನಡ ಕಾವ್ಯ ಓದಲಿ, ಉರ್ದು ಓದಲಿ, ಇತಿಹಾಸ ಓದಲಿ. ನಂಜನಗೂಡಿನ ಬಸ್ಸಿಗೆ ಅವಳನ್ನು ನೀವೇ ಹತ್ತಿಸಿ. ಇಷ್ಟು ಮಾಡಿದ ತಂದೆಗೆ ‘ಸಂಗೀತ ಬೇಡ ಮಗಳೇ’ ಎನ್ನುವ ಅರ್ಹತೆಯಿದೆ. ಎಲ್ಲವನ್ನೂ ಆಲಿಸಿದ ಮೇಲೂ ಅವಳು ಅದನ್ನೇ ಆರಿಸಿದರೆ? ಬುದ್ಧಿ ಹೇಳಿ, ಪ್ರಾರ್ಥಿಸಿ. ಆದರೆ ಮನೆಯ ಬಾಗಿಲನ್ನೂ ಓದಿನ ಬಾಗಿಲನ್ನೂ ಮುಚ್ಚಬೇಡಿ.

ನಾಳೆ ಅಲ್ಲಾಹನ ಸನ್ನಿಧಿಯಲ್ಲಿ ನಮ್ಮ ಮಕ್ಕಳ ಬಗ್ಗೆ ನಾವು ಉತ್ತರಿಸಬೇಕಿದೆ. ಏನನ್ನು ತಡೆದೆ ಎಂಬುದರ ಜೊತೆಗೆ ಏನನ್ನು ಕೊಟ್ಟೆ ಎಂಬ ಪ್ರಶ್ನೆಯೂ ಅಲ್ಲಿರುತ್ತದೆ. ಅದಕ್ಕೆ ಉತ್ತರವನ್ನು ಸಿದ್ಧಪಡಿಸಿಕೊಳ್ಳುವ ವಿವೇಕವನ್ನು ಅಲ್ಲಾಹನು ನಮಗೆಲ್ಲರಿಗೂ ಅನುಗ್ರಹಿಸಲಿ. ಆಮೀನ್.