ಗಾಜಿನ ಬೀರುವಿನ ಪುಸ್ತಕಗಳು

ಯಲಹಂಕದ ನಮ್ಮ ಮನೆಯ ಹಾಲಿನಲ್ಲಿ ಒಂದು ಗಾಜಿನ ಬೀರು ಇದೆ. ಮೊದಲು ಅದರಲ್ಲಿ ನನ್ನ ಮದುವೆಗೆ ಬಂದ ಪಿಂಗಾಣಿ ಕಪ್ಪುಗಳಿದ್ದವು. ನೆಂಟರು ಬಂದಾಗಲೂ ಅವನ್ನು ಹೊರಗೆ ತೆಗೆಯದೆ ಸ್ಟೀಲ್ ಲೋಟದಲ್ಲೇ ಕಾಫಿ ಕೊಟ್ಟು ಕಳಿಸಿದವಳು ನಾನು. ಈಗ ಕಪ್ಪುಗಳು ಅಟ್ಟ ಸೇರಿವೆ. ಬೀರುವಿನಲ್ಲಿ ನನ್ನ ಮಗನ ಪುಸ್ತಕಗಳು ಕುಳಿತಿವೆ. ‘ಕುಳಿತಿವೆ’ ಎಂದು ಬೇಕೆಂದೇ ಬರೆದೆ. ಅವು ಏಳುವುದೂ ಇಲ್ಲ, ಯಾರ ಕೈಗೂ ಬರುವುದಿಲ್ಲ.

ಅವು ಕಥೆ ಪುಸ್ತಕಗಳಲ್ಲ, ಕಥೆಯ ಬೆನ್ನಿಗೆ ಬರುವ ಪುಸ್ತಕಗಳು. ‘ಸ್ಟಾರ್ ಟ್ರೆಕ್’, ‘ಸ್ಟಾರ್ ವಾರ್ಸ್’, ‘ಡ್ಯೂನ್’ ಮುಂತಾದ ವೈಜ್ಞಾನಿಕ ಕಥೆಗಳ ಲೋಕದಲ್ಲಿ ಯಾವ ಗ್ರಹ ಎಲ್ಲಿದೆ, ನೌಕೆಯೊಳಗೆ ಯಾವ ಕೋಣೆಯ ಪಕ್ಕ ಯಾವ ಕೋಣೆ, ಯಾರ ವಂಶ ಯಾವುದು ಎಂದು ಚಿತ್ರ, ನಕ್ಷೆ ಸಮೇತ ವಿವರಿಸುವಂಥವು. ನಾನು ಅವಕ್ಕೆ ಒಡನಾಡಿ ಪುಸ್ತಕ ಎಂದು ಹೆಸರಿಟ್ಟಿದ್ದೇನೆ. ಅದರಲ್ಲೂ ‘ಕಲೆಕ್ಟರ್ಸ್ ಎಡಿಷನ್’ ಎಂಬ ಒಂದು ಜಾತಿ ಇದೆ. ಗಟ್ಟಿ ರಟ್ಟು, ಚಿನ್ನದ ಬಣ್ಣದ ಅಂಚು, ಮೇಲೊಂದು ಡಬ್ಬಿ, ಅದರ ಮೇಲೆ ಪ್ಲಾಸ್ಟಿಕ್ ಹೊದಿಕೆ. ಒಂದೊಂದರ ಬೆಲೆ ನಮ್ಮ ಮನೆಯ ತಿಂಗಳ ದಿನಸಿಯಷ್ಟು. ಮಗ ಹೆಬ್ಬಾಳದಾಚೆ ಸಾಫ್ಟ್‌ವೇರ್ ಕಂಪನಿಯಲ್ಲಿದ್ದಾನೆ. ಅವನ ದುಡ್ಡು, ಅವನ ಇಷ್ಟ. ಬೆಲೆಯ ಬಗ್ಗೆ ನನ್ನ ತಕರಾರಿಲ್ಲ.

ತಕರಾರು ಶುರುವಾದದ್ದು ಒಂದು ಭಾನುವಾರ. ಬೀರುವಿನ ಧೂಳು ಒರೆಸುತ್ತಿದ್ದವಳು ಕುತೂಹಲಕ್ಕೆ ಒಂದನ್ನು ತೆಗೆದು, ಪ್ಲಾಸ್ಟಿಕ್ಕನ್ನು ತರಕಾರಿ ಚಾಕುವಿನಿಂದ ಸೀಳಿದೆ. ಮಗ ಕೋಣೆಯಿಂದ ಓಡಿಬಂದ. “ಏನ್ ಮಾಡ್ದೆ ಅಮ್ಮ! ಓಪನ್ ಮಾಡಿದ್ರೆ ಅದರ ವ್ಯಾಲ್ಯೂನೇ ಹೋಯ್ತು!”

ನೀವೇ ಹೇಳಿ, ತೆರೆದರೆ ಬೆಲೆ ಕಳೆದುಕೊಳ್ಳುವ ವಸ್ತುವನ್ನು ಪುಸ್ತಕ ಎನ್ನುತ್ತಾರೆಯೇ? ಉಪ್ಪಿನಕಾಯಿ ಜಾಡಿಯ ಮುಚ್ಚಳವನ್ನಾದರೂ ಊಟದ ಹೊತ್ತಿಗೆ ತೆಗೆಯುತ್ತೇವೆ. ‘ದೇಶ ಸುತ್ತು, ಕೋಶ ಓದು’ ಎಂದರು ಹಿರಿಯರು. ಕೋಶಕ್ಕೆ ಪ್ಲಾಸ್ಟಿಕ್ ಸುತ್ತು ಎನ್ನಲಿಲ್ಲ.

ಮಾರನೆಯ ದಿನ ಸ್ಟಾಫ್‌ರೂಮಿನಲ್ಲಿ ಈ ಜಗಳವನ್ನು ಹೇಳಿಕೊಂಡೆ. ಸಹೋದ್ಯೋಗಿಗಳು ನನ್ನ ಕಡೆಗೇ ನಿಂತರು, ಆದರೆ ಬೇರೆ ಕಾರಣಕ್ಕೆ. “ಕಟ್ಟುಕಥೆಗೂ ಒಂದು ಗೈಡ್ ಬೇಕಾ ಮೇಡಂ?” ಎಂದು ಒಬ್ಬರು ನಕ್ಕರು. “ಇಲ್ಲದ ಗ್ರಹಕ್ಕೆ ನಕ್ಷೆ ಬರೆದು ಏನುಪಯೋಗ?” ಎಂದರು ಇನ್ನೊಬ್ಬರು. ಕನ್ನಡ ಪಾಠ ಮಾಡುವವರು ಮಾತ್ರ ಗಂಭೀರವಾಗಿ, “ಕೃತಿ ತಾನೇ ಮಾತಾಡಬೇಕು. ಎಲ್ಲವನ್ನೂ ಬಿಡಿಸಿ ಹೇಳಿದರೆ ಮಕ್ಕಳ ಕಲ್ಪನೆ ಸಾಯುತ್ತದೆ” ಎಂದರು. ಇಷ್ಟು ಹೇಳಿ ಅವರು ಎತ್ತಿಕೊಂಡು ಹೋದದ್ದು ಹತ್ತನೆಯ ತರಗತಿಯ ಗೈಡನ್ನು!

ಅವರ ನಗು ಕೇಳಿದ ಮೇಲೆ ನನಗೆ ಒಂದು ವಿಷಯ ಸ್ಪಷ್ಟವಾಯಿತು. ನನ್ನ ಸಿಟ್ಟು ಪ್ಲಾಸ್ಟಿಕ್ಕಿನ ಮೇಲೆ, ಪುಸ್ತಕದ ಮೇಲಲ್ಲ. ಅದನ್ನೇ ಇಲ್ಲಿ ವಾದಿಸಬೇಕೆಂದಿದ್ದೇನೆ.

ಮೊದಲಿಗೆ, ಒಡನಾಡಿ ಪುಸ್ತಕ ಪರದೇಶದ ಶೋಕಿ ಎಂಬ ಮಾತು ಸುಳ್ಳು. ನಮ್ಮ ಗಮಕ ಕಲೆಯನ್ನು ನೋಡಿ. ಒಬ್ಬರು ಕುಮಾರವ್ಯಾಸನನ್ನು ರಾಗವಾಗಿ ವಾಚಿಸುತ್ತಾರೆ, ಪಕ್ಕದಲ್ಲಿ ಕುಳಿತ ಇನ್ನೊಬ್ಬರು ವ್ಯಾಖ್ಯಾನ ಮಾಡುತ್ತಾರೆ. ಆ ವ್ಯಾಖ್ಯಾನದಿಂದ ಯಾರ ಕಲ್ಪನೆಯೂ ಸತ್ತಿಲ್ಲ. ಓದುಬಾರದ ನಮ್ಮ ಅಜ್ಜಿಯಂದಿರಿಗೆ ಭಾರತ ಬಾಯಿಗೆ ಬಂದದ್ದೇ ಹಾಗೆ. ಬೆನಗಲ್ ರಾಮರಾವ್ ಮತ್ತು ಪಾನ್ಯಂ ಸುಂದರಶಾಸ್ತ್ರಿಗಳು ಸೇರಿ ‘ಪುರಾಣನಾಮ ಚೂಡಾಮಣಿ’ ಮಾಡಿದರಲ್ಲ, ಪುರಾಣಲೋಕದ ಹೆಸರುಗಳನ್ನೆಲ್ಲ ಅಕಾರಾದಿಯಾಗಿ ಜೋಡಿಸಿದ ಆ ಗ್ರಂಥ ಒಡನಾಡಿಯಲ್ಲದೆ ಮತ್ತೇನು? ಇನ್ನು ನವರಾತ್ರಿಯ ಗೊಂಬೆ. ಪಟ್ಟದ ಗೊಂಬೆ, ದಶಾವತಾರದ ಸಾಲು, ರಾಮನ ಪಟ್ಟಾಭಿಷೇಕದ ಸೆಟ್ಟು ಎಂದು ತಲೆಮಾರಿನಿಂದ ಕೂಡಿಹಾಕಿದವರು ನಾವೇ. ಸಂಗ್ರಹದ ಹುಚ್ಚು ನಮಗೆ ಹೊಸದಲ್ಲ. ಆದರೆ ವರ್ಷಕ್ಕೊಮ್ಮೆ ಅವನ್ನು ಹಳೆ ಪಂಚೆಯಿಂದ ಬಿಚ್ಚಿ ಮೆಟ್ಟಿಲ ಮೇಲೆ ಕೂರಿಸುತ್ತೇವೆ, ಬಂದ ಮಕ್ಕಳಿಗೆ ಒಂದೊಂದರ ಕಥೆ ಹೇಳಿ ಚರ್ಪು ಹಂಚುತ್ತೇವೆ. ಕೂಡಿಡುವುದು ತಪ್ಪಲ್ಲ. ಬಿಚ್ಚದೆ ಇಡುವುದು ತಪ್ಪು.

ಎರಡನೆಯದು, ಈ ಪುಸ್ತಕಗಳು ಹುಟ್ಟಿದ ರೀತಿ. 1980ರ ದಶಕದಲ್ಲಿ ದೂರದರ್ಶನದಲ್ಲಿ ‘ಸ್ಟಾರ್ ಟ್ರೆಕ್’ ಬರುತ್ತಿತ್ತು. ಯಶವಂತಪುರದ ನಮ್ಮ ವಠಾರಕ್ಕೆಲ್ಲ ಒಂದೇ ಟಿ.ವಿ. ಇಂಗ್ಲಿಷ್ ಅರ್ಧಂಬರ್ಧ ತಿಳಿಯುತ್ತಿದ್ದ ನಾನು ಆ ಮನೆಯ ಹೊಸ್ತಿಲ ಮೇಲೆ ಕುಳಿತು ನೋಡಿದ್ದೇನೆ. ಆ ಧಾರಾವಾಹಿ ಅಮೆರಿಕದಲ್ಲಿ 1966ರಲ್ಲಿ ಶುರುವಾಗಿ 1969ರಲ್ಲಿ ನಿಂತಿತು. ಅದರ ಪಾತ್ರ, ಗ್ರಹ, ನೌಕೆಗಳ ಮೊದಲ ದೊಡ್ಡ ಅಕಾರಾದಿ ಕೋಶವನ್ನು ಮಾಡಿದವರು ಯಾರು ಗೊತ್ತೇ? ಡೊರೊತಿ ಜೋನ್ಸ್ ಎಂಬ ನೋಡುಗಳು ಪ್ರತಿ ಕಂತನ್ನೂ ನೋಡಿ ಟಿಪ್ಪಣಿ ಮಾಡಿಟ್ಟಿದ್ದಳು. ಬೀಜೋ ಟ್ರಿಂಬಲ್ ಎಂಬ ಗೃಹಿಣಿ ಅದನ್ನು ತಿದ್ದಿ ಜೋಡಿಸಿ 1969ರಲ್ಲಿ ತಾನೇ ಅಚ್ಚು ಹಾಕಿಸಿದಳು. ದೊಡ್ಡ ಪ್ರಕಾಶಕರು ಅದನ್ನು ಹೊರತಂದದ್ದು 1976ರಲ್ಲಿ. ಧಾರಾವಾಹಿಯನ್ನು ನಿಲ್ಲಿಸುತ್ತಾರೆಂಬ ಸುದ್ದಿ ಬಂದಾಗ ಊರೂರಿಂದ ಪತ್ರ ಬರೆಸಿ ಅದನ್ನು ಉಳಿಸಲು ಮುಂದೆ ನಿಂತವಳೂ ಇದೇ ಬೀಜೋ. ಹಾಗೆಯೇ 1975ರಲ್ಲಿ ಆ ನೌಕೆಯ ತಾಂತ್ರಿಕ ನಕ್ಷೆಗಳ ಪುಸ್ತಕ ಮಾಡಿದ ಫ್ರಾಂಜ್ ಜೋಸೆಫ್ ವೃತ್ತಿಯಿಂದ ವಿಮಾನದ ವಿನ್ಯಾಸಕಾರ. ಅವನಿಗೆ ಈ ಗೀಳು ಹತ್ತಿಸಿದ್ದು ಅವನ ಮಗಳು ಮತ್ತು ಅವಳ ಗೆಳೆಯರು. ನೋಡಿ, ಈ ಪುಸ್ತಕಗಳ ಬೇರು ಕಂಪನಿಯ ಗೋದಾಮಿನಲ್ಲಿಲ್ಲ. ಪ್ರೀತಿಯಿಂದ ನೋಡಿದ ಹೆಂಗಸರ, ಮಕ್ಕಳ ಟಿಪ್ಪಣಿ ಪುಸ್ತಕದಲ್ಲಿದೆ. ಚಿನ್ನದ ಅಂಚು, ಡಬ್ಬಿಗಳೆಲ್ಲ ಆಮೇಲೆ ವ್ಯಾಪಾರ ಅಂಟಿಸಿದ್ದು. 1984ರಲ್ಲಿ ವಿಲ್ಲಿಸ್ ಮೆಕ್‌ನೆಲಿ ಎಂಬ ಅಧ್ಯಾಪಕ ‘ಡ್ಯೂನ್’ ಲೋಕಕ್ಕೊಂದು ವಿಶ್ವಕೋಶ ಮಾಡಿದ. ಅದು ಬಹುಕಾಲ ಮರುಮುದ್ರಣ ಕಾಣದೆ, ಹಳೆಯ ಪ್ರತಿಗಳಿಗೆ ವಿಪರೀತ ಬೆಲೆ ಬಂತು. ಓದುವವನಿಗೆ ಸಿಗದಿರುವುದೇ ಪುಸ್ತಕದ ಹೆಚ್ಚುಗಾರಿಕೆ ಆಗುವುದು ಹೀಗೆ.

ಮೂರನೆಯದು ನಮ್ಮ ಮನೆಯದೇ ಕಥೆ. ಜಗಳದ ರಾತ್ರಿ ಊಟಕ್ಕೆ ಕುಳಿತಾಗ ಮಗನಿಗೆ ಕೇಳಿದೆ, “ಇಷ್ಟೆಲ್ಲ ಪರದೇಶದ್ದೇ ಯಾಕೆ? ಕನ್ನಡದಲ್ಲಿ ನಿನಗೆ ಯಾವುದೂ ಹಿಡಿಸಲಿಲ್ಲವೇ?” ಅವನು ತಟ್ಟೆಯಿಂದ ತಲೆ ಎತ್ತದೆ ಹೇಳಿದ, “‘ಕರ್ವಾಲೋ’ಗೆ ನಾನೇ ಒಂದು ಮಾಡಿದ್ದೆ. ನೀನು ತೂಕಕ್ಕೆ ಹಾಕಿದೆ.”

ತುತ್ತು ಬಾಯಲ್ಲೇ ಉಳಿಯಿತು.

ಅವನು ಹೇಳಿದ್ದು ನಿಜ. 2008ರ ಬೇಸಿಗೆ ರಜೆ, ನಾವಾಗ ಆರ್.ಟಿ. ನಗರದ ಬಾಡಿಗೆ ಮನೆಯಲ್ಲಿದ್ದೆವು. ಹನ್ನೆರಡು ವರ್ಷದ ಹುಡುಗ ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೋ’ ಹಿಡಿದು ಕುಳಿತವನು ಏಳಲೇ ಇಲ್ಲ. 1980ರಲ್ಲಿ ಬಂದ ಆ ಕಾದಂಬರಿಯನ್ನು ಹಾರುವ ಓತಿಯನ್ನು ಹುಡುಕಿಕೊಂಡು ಕಾಡಿಗೆ ಹೋದವರ ಕಥೆ ಎಂದು ಒಂದು ಸಾಲಿನಲ್ಲಿ ಹೇಳಬಹುದು. ಓದಿದವರಿಗೆ ಅದೊಂದು ಲೋಕ. ವಿಜ್ಞಾನಿ ಕರ್ವಾಲೋ, ಜೇನಿನ ಮಂದಣ್ಣ, ಕರಿಯಪ್ಪ, ಪ್ರಭಾಕರ, ಯೆಂಗ್ಟ, ಕಿವಿ ಎಂಬ ನಾಯಿ. ಮಗ ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ ಇವರ ಹೆಸರುಗಳನ್ನೆಲ್ಲ ಪುಟಸಂಖ್ಯೆ ಹಾಕಿ ಬರೆದಿದ್ದ. ಅವರು ಕಾಡಿಗೆ ಹೋದ ದಾರಿಯ ನಕ್ಷೆ ಬರೆದಿದ್ದ. ‘ಪರಿಸರದ ಕತೆ’ ಓದಿದಾಗ ಅಲ್ಲಿಯೂ ಕಿವಿ, ಪ್ಯಾರ ಸಿಕ್ಕರೆಂದು ಕುಣಿದಾಡಿ, ಬೇರೆ ಬಣ್ಣದ ಪೆನ್ನಿನಲ್ಲಿ ಸೇರಿಸಿದ್ದ. ಬೆಂಕಿಕಡ್ಡಿಗಳನ್ನು ಪಕ್ಕೆಲುಬಿನಂತೆ ಅಂಟಿಸಿ ಓತಿಯ ರೆಕ್ಕೆ ಮಾಡಿದ್ದ. ಕೆಳಗೆ ಒಂದು ಪ್ರಶ್ನೆ: ‘ಓತಿ ಏನು ತಿನ್ನುತ್ತೆ? ಅಮ್ಮನ್ನ ಕೇಳಬೇಕು.’

ಕೇಳಿದ್ದ. ನಾನು ಹತ್ತನೆಯ ತರಗತಿಯ ಉತ್ತರಪತ್ರಿಕೆಗಳ ನಡುವೆ ಕುಳಿತಿದ್ದೆ. “ಗಣಿತದ ಲೆಕ್ಕ ಮಾಡೋ ಅಂದ್ರೆ ಓತಿಕ್ಯಾತನ ಊಟ ವಿಚಾರಿಸ್ತೀಯಲ್ಲ” ಎಂದು ಗದರಿದೆ. ಮೂರು ವರ್ಷದ ನಂತರ ಯಲಹಂಕಕ್ಕೆ ಮನೆ ಬದಲಾಯಿಸುವಾಗ, ಹಳೇ ಪೇಪರಿನವನ ತಕ್ಕಡಿಗೆ ಆ ನೋಟ್‌ಬುಕ್ಕೂ ಹೋಯಿತು. ನಾಲ್ಕಾರು ಕೆ.ಜಿ. ಕಾಗದದ ಜೊತೆ ಅದರ ತೂಕ ಎಷ್ಟಿದ್ದೀತು? ಮಗ ಎಷ್ಟೋ ದಿನ ಹುಡುಕಿದನಂತೆ. ನನಗೆ ಹೇಳಲೂ ಇಲ್ಲ. ಕನ್ನಡ ಪುಸ್ತಕವನ್ನು ಆಮೇಲೆ ಅವನು ಮುಟ್ಟಿದ್ದನ್ನು ನಾನು ಕಾಣಲಿಲ್ಲ. ನನ್ನಿಂದಲೇ ಹೀಗಾಯಿತೆಂದು ಎದೆ ಬಡಿದುಕೊಳ್ಳುವುದಿಲ್ಲ. ಆದರೆ ಪ್ಲಾಸ್ಟಿಕ್ ಬಿಚ್ಚದ ಮಗನನ್ನು ಬೈಯುವ ಮೊದಲು, ಬಿಚ್ಚಿ ಓದಿ ಬರೆದ ಮಗನಿಗೆ ನಾನು ಮಾಡಿದ್ದನ್ನು ಒಪ್ಪಿಕೊಳ್ಳಬೇಕಲ್ಲ?

ಹಿತ್ತಲ ಗಿಡ ಮದ್ದಲ್ಲ ಎನ್ನುವ ನಮ್ಮ ಬುದ್ಧಿಯ ಬಗ್ಗೆಯೂ ಹೇಳಬೇಕು. ಕನ್ನಡದಲ್ಲಿ ವೈಜ್ಞಾನಿಕ ಕಥೆಗಳೇ ಇಲ್ಲ ಎನ್ನುವವರಿದ್ದಾರೆ. ರಾಜಶೇಖರ ಭೂಸನೂರಮಠರು ಜೀವಮಾನವಿಡೀ ಅದನ್ನೇ ಬರೆದರು. ‘ಕರ್ವಾಲೋ’ವನ್ನು ಆ ಸಾಲಿಗೆ ಸೇರಿಸಬೇಕೋ ಬೇಡವೋ ಎಂದು ವಿಮರ್ಶಕರು ಜಗಳವಾಡಲಿ, ವಿಜ್ಞಾನದ ಬೆರಗು ಕನ್ನಡದ ಮಕ್ಕಳಿಗೆ ಅದರಷ್ಟು ಹತ್ತಿಸಿದ ಕಥೆ ಇನ್ನೊಂದಿಲ್ಲ ಎಂಬುದು ನನ್ನ ತೀರ್ಪು. ಅಷ್ಟೇ ಅಲ್ಲ, ತೇಜಸ್ವಿಯವರು ತಮ್ಮ ಲೋಕಕ್ಕೆ ಒಡನಾಡಿಗಳನ್ನೂ ತಾವೇ ಬರೆದುಕೊಟ್ಟರು. ‘ಪರಿಸರದ ಕತೆ’, ‘ಏರೋಪ್ಲೇನ್ ಚಿಟ್ಟೆ’, ‘ಮಿಸ್ಸಿಂಗ್ ಲಿಂಕ್’, ಹಕ್ಕಿಗಳ ಪುಸ್ತಕಗಳು, ಹದಿನಾರು ಪುಸ್ತಕಗಳ ಮಿಲೇನಿಯಂ ಸರಣಿ. ಯಾವುದಕ್ಕೂ ಚಿನ್ನದ ಅಂಚಿಲ್ಲ. ಬಸ್ಸಿನಲ್ಲಿ ಮಡಚಿ ಓದುವಂಥ ಪುಸ್ತಕಗಳು. 2007ರಲ್ಲಿ ಅವರು ತೀರಿಕೊಂಡ ಮೇಲೆ ಆ ಕೆಲಸವನ್ನು ಮುಂದುವರಿಸಬೇಕಾದವರು ನಾವು.

ನಾವು ಮಾಡುವುದೇನು? ಅಭಿನಂದನ ಗ್ರಂಥ! ಐನೂರು ಪುಟ, ಮೊದಲ ಐವತ್ತು ಪುಟ ಗಣ್ಯರ ಸಂದೇಶ, ವೇದಿಕೆಯ ಮೇಲೆ ಬಣ್ಣದ ಕಾಗದ ಬಿಚ್ಚಿ ಬಿಡುಗಡೆ, ಫೋಟೋ, ಆಮೇಲೆ ಬೀರು. ನಮ್ಮ ಶಾಲೆಯ ಲೈಬ್ರರಿಯಲ್ಲೂ ಅಂಥವು ಒಂದು ಸಾಲಿವೆ. ಅವನ್ನು ಯಾರೂ ಎರವಲು ಪಡೆದ ದಾಖಲೆಯಿಲ್ಲ. ಮಗನ ಕಲೆಕ್ಟರ್ಸ್ ಎಡಿಷನ್ನಿಗೂ ಇದಕ್ಕೂ ಏನು ವ್ಯತ್ಯಾಸ? ಅವನದರಲ್ಲಿ ಚಿತ್ರವಾದರೂ ಚೆನ್ನಾಗಿದೆ.

ನನಗೆ ಬೇಕಾದ ಪುಸ್ತಕವೇ ಬೇರೆ. ‘ಕರ್ವಾಲೋ’ ಓದಿದ ಹೆಬ್ಬಾಳದ ಹುಡುಗಿಗೆ ಹಾರುವ ಓತಿ ನಿಜವಾಗಿಯೂ ಇದೆ ಎಂದು ಹೇಳುವ ಪುಸ್ತಕ. ಕಥೆಯಲ್ಲಿ ಅದು ಕಾಲದ ಆಳದಿಂದ ಬಂದ, ಅಪರೂಪದಲ್ಲಿ ಅಪರೂಪದ ಜೀವಿ. ನಿಜದಲ್ಲಿ ‘ಡ್ರಾಕೋ ಡುಸುಮಿಯೆರಿ’ ಎಂಬ ಹೆಸರಿನ ಆ ಓತಿ ಪಶ್ಚಿಮ ಘಟ್ಟದ ಕಾಡುಗಳಲ್ಲಿ ಮಾತ್ರವಲ್ಲ, ಅಡಿಕೆ ತೋಟಗಳಲ್ಲೂ ಇದೆ. ಅದಕ್ಕಿರುವುದು ಹಕ್ಕಿಯ ರೆಕ್ಕೆಯಲ್ಲ. ಉದ್ದವಾಗಿ ಬೆಳೆದ ಪಕ್ಕೆಲುಬುಗಳ ಮೇಲೆ ಕೊಡೆಯ ಬಟ್ಟೆಯಂತೆ ಹರಡಿದ ಚರ್ಮ. ಅದು ರೆಕ್ಕೆ ಬಡಿಯುವುದಿಲ್ಲ, ಮರದಿಂದ ಮರಕ್ಕೆ ತೇಲುತ್ತದೆ. ಗಂಡಿನ ಗಂಟಲಲ್ಲಿ ಹಳದಿ ಚರ್ಮದ ಪಟ್ಟಿ ಇದೆ. ಹೆಣ್ಣು ಮೊಟ್ಟೆಯಿಡಲು ಮರದಿಂದ ನೆಲಕ್ಕಿಳಿದು ಬರುತ್ತದೆ. ಇಷ್ಟು ತಿಳಿದರೆ ಕಥೆಯ ಬೆರಗು ಕಡಿಮೆಯಾಗುತ್ತದೆಯೇ? ಕೊನೆಯಲ್ಲಿ ಓತಿ ಪ್ರಪಾತದ ಮೇಲೆ ತೇಲಿ ಹೋಗುವುದನ್ನು ನಾನು ಈಗ ಓದಿದಾಗ ಮೈ ಇನ್ನೂ ಹೆಚ್ಚು ಜುಮ್ಮೆಂದಿತು. ಒಳ್ಳೆಯ ಒಡನಾಡಿ ಪುಸ್ತಕದ ಗುರುತೇ ಇದು. ಅದು ಓದುಗನನ್ನು ಬೀರುವಿನ ಮುಂದೆ ನಿಲ್ಲಿಸದೆ ತೋಟಕ್ಕೆ, ಕೆರೆಗೆ ಕಳಿಸುತ್ತದೆ, ಮತ್ತೆ ಕಥೆಗೆ ಕರೆತರುತ್ತದೆ. ಪ್ರಕಾಶಕರೇ, ಇಂಥದೊಂದನ್ನು ಅಗ್ಗದ ಕಾಗದದಲ್ಲಿ ಮಾಡಿ. ಕೊನೆಯಲ್ಲಿ ಇಪ್ಪತ್ತು ಖಾಲಿ ಪುಟ ಬಿಡಿ. ಮಕ್ಕಳು ತುಂಬಿಕೊಳ್ಳುತ್ತಾರೆ.

ಅವರು ಮಾಡುವವರೆಗೆ ಕಾಯುವುದು ಬೇಡವೆಂದು ಈ ವರ್ಷ ಎಂಟನೆಯ ತರಗತಿಯ ಲೈಬ್ರರಿ ಪಿರಿಯಡ್ಡಿನಲ್ಲಿ ಇನ್ನೂರು ಪುಟದ ಒಂದು ನೋಟ್‌ಬುಕ್ ಇಟ್ಟಿದ್ದೇನೆ. ಜೇನಿನ ಪುಟಕ್ಕೆಂದು ಒಬ್ಬ ಹುಡುಗ ನವೆಂಬರಿನ ಕೃಷಿ ಮೇಳಕ್ಕೆ ಜಿಕೆವಿಕೆಗೆ ಹೋಗಿ ಜೇನುಪೆಟ್ಟಿಗೆಯ ಚಿತ್ರ ಬರೆದು ತಂದ. ಶೃಂಗೇರಿ ಕಡೆಯಿಂದ ಬಂದ ಹುಡುಗಿಯೊಬ್ಬಳು, “ಮಿಸ್, ನಮ್ಮಜ್ಜಿ ತೋಟದಲ್ಲಿ ನೋಡಿದಾರಂತೆ!” ಎಂದು ತರಗತಿಯನ್ನೇ ಎಬ್ಬಿಸಿದಳು. ಪುಟಗಳು ಈಗಲೇ ಕೊಳೆಯಾಗಿವೆ, ಒಂದರ ಮೇಲೆ ಸಾರಿನ ಕಲೆಯೂ ಇದೆ. ಕಲೆಕ್ಟರುಗಳ ಲೆಕ್ಕದಲ್ಲಿ ಅದರ ಬೆಲೆ ಸೊನ್ನೆ.

ತಾಯಂದಿರಿಗೆ ಒಂದು ಮಾತು. ಮಕ್ಕಳು ಅಟ್ಟದಲ್ಲೋ ಚೀಲದ ತಳದಲ್ಲೋ ಇಟ್ಟ ನೋಟ್‌ಬುಕ್ಕನ್ನು ತಕ್ಕಡಿಗೆ ಹಾಕುವ ಮೊದಲು ಒಮ್ಮೆ ತೆರೆದು ನೋಡಿ. ಅವರ ಪ್ರಶ್ನೆಗೆ ಉತ್ತರ ತಿಳಿಯದಿದ್ದರೆ ತಿಳಿಯದು ಎನ್ನಿ, ಗದರಬೇಡಿ.

ಕಳೆದ ವಾರ ಆ ನೋಟ್‌ಬುಕ್ಕನ್ನು ಮನೆಗೆ ತಂದು ಮಗನ ಮುಂದಿಟ್ಟೆ. ಬಹಳ ಹೊತ್ತು ತಿರುವಿ ಹಾಕಿದ. ಓತಿಯ ಪುಟದಲ್ಲಿ ನನ್ನ ಕೈಬರಹದ ಒಂದು ಸಾಲಿದೆ: ‘ಮುಖ್ಯವಾಗಿ ಇರುವೆ ತಿನ್ನುತ್ತದೆ.’ ಅದನ್ನು ಓದಿ ಅವನು ಏನೂ ಹೇಳಲಿಲ್ಲ. ಒಳಗೆ ಹೋಗಿ ಪೆನ್ಸಿಲ್ ತಂದು, ಮಕ್ಕಳು ಬರೆದಿದ್ದ ಪಕ್ಕೆಲುಬುಗಳನ್ನು ತಿದ್ದತೊಡಗಿದ.