ಬೈರಿಗೆ ಎಸೀಬೇಡಿ, ಬಾಯಿ ಬದಲಿಸಿ

ನಮ್ಮ ಅಪಾರ್ಟ್‌ಮೆಂಟ್‌ಗಳ ವಾಟ್ಸಾಪ್ ಗುಂಪುಗಳಲ್ಲಿ ಆಗಾಗ ಒಂದು ಮೆಸೇಜ್ ಬರುತ್ತೆ. 'ಡ್ರಿಲ್ ಮಷೀನ್ ಇದೆ, ಕೆಲಸ ಮಾಡ್ತಿಲ್ಲ, ಬೇಕಾದವರು ಫ್ರೀಯಾಗಿ ತಗೊಂಡು ಹೋಗಿ, ಇಲ್ಲಾಂದ್ರೆ ಗುಜರಿಗೆ ಹಾಕ್ತೀನಿ.' ಪ್ಲಗ್ ಹಾಕಿ ಟ್ರಿಗರ್ ಒತ್ತಿದರೆ ಮೋಟರ್ ಗುಂಯ್ ಅಂತ ಓಡುತ್ತೆ. ಗೇರ್ ಸರಿ ಇರುತ್ತೆ, ಸ್ವಿಚ್ ಸರಿ ಇರುತ್ತೆ. ಬಿಟ್ ಮಾತ್ರ ಗೋಡೆಗೆ ತಾಗಿದ ಕೂಡಲೇ ನಿಂತುಬಿಡುತ್ತೆ, ಯಾಕಂದ್ರೆ ಅದನ್ನ ಕಚ್ಚಿ ಹಿಡಿಯೋ ಚಕ್ ಸವೆದಿದೆ. ಹಲ್ಲು ಉದುರಿತು ಅಂತ ಅಜ್ಜನನ್ನ ಯಾರೂ ಮಣ್ಣು ಮಾಡಲ್ಲ. ಡ್ರಿಲ್‌ಗೆ ಮಾತ್ರ ಮಾಡ್ತೀವಿ.

ಮುಂದೆ ಹೇಳೋದು ಸ್ವಲ್ಪ ಖಾರವಾಗೇ ಇರುತ್ತೆ, ಕ್ಷಮೆ ಇರಲಿ. ಕೆಲವು ನೂರು ರೂಪಾಯಿಯ ಬಿಡಿಭಾಗ ಹೋಯ್ತು ಅಂತ ಎರಡು ಮೂರು ಸಾವಿರದ ಯಂತ್ರ ಎಸೆಯೋದು ಶ್ರೀಮಂತಿಕೆಯೂ ಅಲ್ಲ, ಆಧುನಿಕತೆಯೂ ಅಲ್ಲ. ಅದು ಅನಕ್ಷರತೆ. ಆ ಅನಕ್ಷರತೆಯಲ್ಲಿ ಬಿಇ, ಎಂಟೆಕ್ ಮಾಡಿಕೊಂಡ ನಾವೇ ಎಲ್ಲರಿಗಿಂತ ಮುಂದಿದ್ದೀವಿ.

ಮೊದಲು ಚಕ್ ಅಂದ್ರೆ ಏನು ಅಂತ ನೋಡೋಣ. ತಿರುಗೋ ದಂಡದ ತುದಿಗೆ ಕೂತ ಮೂರು ದವಡೆಯ ಬಾಯಿ, ಅಷ್ಟೇ. 1 ಮಿಲಿಮೀಟರ್ ಬಿಟ್ಟಿನಿಂದ 13 ಮಿಲಿಮೀಟರ್ ಬಿಟ್ಟಿನವರೆಗೂ ಒಂದೇ ಬಾಯಿ ಹಿಡಿಯುತ್ತೆ. ಸಣ್ಣ ಹಲ್ಲಿನ ಕೀಲಿ ಹಾಕಿ ತಿರುಗಿಸಿ ಬಿಗಿ ಮಾಡ್ತೀವಲ್ಲ, ಆ ವಿನ್ಯಾಸಕ್ಕೆ ಅಮೆರಿಕದ ಆರ್ಥರ್ ಜೇಕಬ್ಸ್ ಪೇಟೆಂಟ್ ಪಡೆದದ್ದು 1902ರಲ್ಲಿ. ಅಂದರೆ ನೂರಿಪ್ಪತ್ತು ವರ್ಷ ದಾಟಿದ ವಿನ್ಯಾಸ. ಇಷ್ಟು ವರ್ಷದಲ್ಲಿ ಡ್ರಿಲ್ಲಿನ ಮೋಟರ್ ಬದಲಾಯ್ತು, ವೈರ್ ಹೋಗಿ ಬ್ಯಾಟರಿ ಬಂತು, ಮೈ ಕಬ್ಬಿಣದಿಂದ ಪ್ಲಾಸ್ಟಿಕ್ ಆಯ್ತು. ಚಕ್ ಮತ್ತು ಅದು ಕೂರೋ ಜಾಗದ ಅಳತೆ ಮಾತ್ರ ಹೆಚ್ಚು ಕಡಿಮೆ ಹಾಗೇ ನಿಂತಿದೆ. ನಮ್ಮ ಸಾಫ್ಟ್‌ವೇರ್ ಭಾಷೆಯಲ್ಲಿ ಹೇಳೋದಾದರೆ ಇದು ಇಂಟರ್‌ಫೇಸ್. ಆ ಕಡೆ ಏನಿದೆ ಅಂತ ಈ ಕಡೆಯವರು ತಲೆ ಕೆಡಿಸಿಕೊಳ್ಳಬೇಕಿಲ್ಲ, ಅಳತೆ ಕೂಡಿದರೆ ಸಾಕು. ಇಂಟರ್‌ಫೇಸ್ ಸ್ಥಿರವಾಗಿರಬೇಕು ಅಂತ ಡಿಸೈನ್ ಮೀಟಿಂಗ್‌ನಲ್ಲಿ ಗಂಟೆಗಟ್ಟಲೆ ಭಾಷಣ ಬಿಗಿಯೋ ನಾವು, ಒಂದು ಶತಮಾನ ಸ್ಥಿರವಾಗಿ ನಿಂತ ಇಂಟರ್‌ಫೇಸ್ ಕೈಯಲ್ಲೇ ಇದ್ದರೂ ಗುರುತು ಹಿಡಿಯಲ್ಲ.

ಡ್ರಿಲ್ ಕೊಳ್ಳೋವಾಗಲೇ ತಪ್ಪು ಶುರುವಾಗುತ್ತೆ. ಡಬ್ಬದ ಮೇಲೆ ಏನಿರುತ್ತೆ? ವ್ಯಾಟ್, ವೋಲ್ಟ್, ನಿಮಿಷಕ್ಕೆ ಎಷ್ಟು ಸುತ್ತು, ಜೊತೆಗೆ ನೂರು ಬಿಡಿ ಸಾಮಾನಿನ ಕಿಟ್ ಉಚಿತ. ಆ ನೂರರಲ್ಲಿ ತೊಂಬತ್ತನ್ನ ನಾವು ಜನ್ಮದಲ್ಲಿ ಮುಟ್ಟಲ್ಲ. ಚಕ್ ಯಾವ ಅಳತೆಯ ಮರೆಯ ಮೇಲೆ ಕೂತಿದೆ ಅನ್ನೋ ಒಂದು ಸಾಲು ಮಾತ್ರ ಹುಡುಕಿದರೂ ಸಿಗಲ್ಲ. ಕೈಯಲ್ಲಿ ಹಿಡಿಯೋ 13 ಮಿಲಿಮೀಟರ್ ಡ್ರಿಲ್‌ಗಳಲ್ಲಿ ಸಾಮಾನ್ಯವಾಗಿ ಅರ್ಧ ಇಂಚು ದಪ್ಪದ, ಇಂಚಿಗೆ 20 ಸುತ್ತಿನ ಮರೆ ಇರುತ್ತೆ. 10 ಮಿಲಿಮೀಟರ್‌ನವುಗಳಲ್ಲಿ ಹೆಚ್ಚಾಗಿ ಇಂಚಿನ ಎಂಟನೇ ಮೂರು ಭಾಗದ ದಪ್ಪ, ಇಂಚಿಗೆ 24 ಸುತ್ತು. ಈ ಎರಡರಲ್ಲಿ ಒಂದಾಗಿದ್ದರೆ ನಿಮ್ಮ ಡ್ರಿಲ್‌ಗೆ ಯಾವ ಕಂಪನಿಯ ಚಕ್ ಆದರೂ ನಡೆಯುತ್ತೆ. ಚಕ್ಕನ್ನ ಮೈಗೇ ಸೇರಿಸಿ, ತೆಗೆಯೋಕೆ ಬಾರದ ಹಾಗೆ ಮಾಡಿದ ಡ್ರಿಲ್‌ಗಳೂ ಮಾರುಕಟ್ಟೆಯಲ್ಲಿವೆ. ಅವು ಎಷ್ಟೇ ಚೆಂದ ಕಂಡರೂ ಕೊಳ್ಳಬೇಡಿ. ಕೊಂಡ ದಿನವೇ ಅವುಗಳ ತಿಥಿಯ ದಿನಾಂಕವೂ ಬರೆದಾಗಿರುತ್ತೆ.

ಕೀಲಿ ಇರೋದೋ ಇಲ್ಲದ್ದೋ ಅನ್ನೋ ಜಗಳ ಇನ್ನೊಂದು. ಕೀಲಿ ಇಲ್ಲದ ಚಕ್ ಹೊಸದು, ಆದ್ದರಿಂದ ಒಳ್ಳೇದು ಅಂತ ನಮ್ಮವರ ನಂಬಿಕೆ. ಮರಕ್ಕೆ ತೂತು, ಸ್ಕ್ರೂ ಬಿಗಿಯೋದು, ನಿಮಿಷಕ್ಕೊಂದು ಬಿಟ್ ಬದಲಿಸೋದು, ಇದಕ್ಕೆಲ್ಲ ಅದು ನಿಜಕ್ಕೂ ಅನುಕೂಲ. ಆದರೆ ಕಾಂಕ್ರೀಟ್ ಗೋಡೆಗೆ ಸುತ್ತಿಗೆ ಮೋಡ್ ಹಾಕಿ ಕೊರೆಯೋವಾಗ ಅಗ್ಗದ ಕೀಲಿರಹಿತ ಚಕ್ ಅದುರಿ ಅದುರಿ ಸಡಿಲ ಬೀಳುತ್ತೆ, ಬಿಟ್ ಒಳಗೇ ಜಾರಿ ದವಡೆಯನ್ನ ಉಜ್ಜಿ ಹಾಕುತ್ತೆ. ಅಲ್ಲಿಗೆ ಕೀಲಿಯ ಚಕ್ಕೇ ಸರಿ. ಅದನ್ನ ಬಿಗಿ ಮಾಡೋವಾಗ ಒಂದೇ ತೂತಿಗೆ ಕೀಲಿ ಹಾಕಿ ಕೈ ತೊಳೆದುಕೊಳ್ಳಬಾರದು, ಮೂರೂ ತೂತಿಗೆ ಹಾಕಿ ತಿರುಗಿಸಬೇಕು. ಸಾಮಾನ್ಯ ಎಲೆಕ್ಟ್ರಿಷಿಯನ್‌ಗೂ ಗೊತ್ತಿರೋ ವಿಷಯ ಇದು. 'ಸಾಮಾನ್ಯ' ಅಂತ ನಾವೇ ಅವರಿಗೆ ಕೊಟ್ಟ ವಿಶೇಷಣ, ಗಮನಿಸಿ.

ಈಗ ತೆಗೆಯೋ ವಿಚಾರ. 'ಅದು ಬರಲ್ಲ ಸಾರ್, ಹೊಸಾದೇ ತಗೊಳ್ಳಿ' ಅಂತ ಅಂಗಡಿಯವನು ಹೇಳ್ತಾನೆ. ಅವನಿಗೆ ಮಾರೋದಿದೆ, ಹೇಳ್ತಾನೆ. ನೀವು ಯಾಕೆ ನಂಬ್ತೀರಿ? ಮೊದಲು ಪ್ಲಗ್ ಕಿತ್ತಿಡಿ, ಬ್ಯಾಟರಿಯದ್ದಾದರೆ ಬ್ಯಾಟರಿ ಹೊರಗೆ ತೆಗೆಯಿರಿ. ದವಡೆಯನ್ನ ಪೂರ್ತಿ ತೆರೆದು ಒಳಗೆ ಟಾರ್ಚ್ ಬಿಡಿ. ಹಿಮ್ಮುಖವಾಗಿಯೂ ತಿರುಗೋ ಡ್ರಿಲ್ ಆದರೆ ತಳದಲ್ಲಿ ಒಂದು ಸ್ಕ್ರೂ ಕಾಣುತ್ತೆ. ಅದರ ಮರೆ ಉಲ್ಟಾ. ಬಿಚ್ಚೋಕೆ ಗಡಿಯಾರದ ದಿಕ್ಕಿಗೆ ತಿರುಗಿಸಬೇಕು. ಉಲ್ಟಾ ಯಾಕೆ? ಡ್ರಿಲ್ ಹಿಮ್ಮುಖ ತಿರುಗೋವಾಗ ಚಕ್ ಬಿಚ್ಚಿಕೊಳ್ಳೋಕೆ ನೋಡುತ್ತೆ. ಅದು ಬಿಚ್ಚಿಕೊಳ್ಳೋ ದಿಕ್ಕಿನಲ್ಲೇ ಈ ಸ್ಕ್ರೂ ಇನ್ನೂ ಬಿಗಿಯಾಗುತ್ತೆ, ಚಕ್ಕನ್ನ ಹೋಗೋಕೆ ಬಿಡಲ್ಲ. ಸೆನ್ಸರ್ ಇಲ್ಲ, ಕೋಡ್ ಇಲ್ಲ, ಅಪ್‌ಡೇಟ್ ಬೇಕಿಲ್ಲ. ಒಂದು ಸ್ಕ್ರೂ ಮರೆಯನ್ನ ಎಡಕ್ಕೆ ತಿರುಗಿಸಿದ ಮಾತ್ರಕ್ಕೆ ಸಮಸ್ಯೆ ಮುಗೀತು. ಇಷ್ಟು ಚೊಕ್ಕವಾದ ಪರಿಹಾರ ನಮ್ಮ ಕಂಪನಿಗಳ ಎಷ್ಟು ರಿಲೀಸ್‌ಗಳಲ್ಲಿ ಇರುತ್ತೆ ಹೇಳಿ.

ಸ್ಕ್ರೂ ಬಂದ ಮೇಲೆ ದೊಡ್ಡದೊಂದು ಅಲೆನ್ ಕೀಯ ಗಿಡ್ಡ ಕಾಲನ್ನ ಚಕ್ಕಿಗೆ ಕೊಟ್ಟು ಬಿಗಿ ಮಾಡಿ. ಎರಡು ಗೇರ್ ಇದ್ದರೆ ನಿಧಾನದ ಗೇರ್‌ಗೆ ಹಾಕಿ. ಚಕ್ಕಿನ ಮುಂದುಗಡೆಯಿಂದ ನೋಡಿದಾಗ ಗಡಿಯಾರಕ್ಕೆ ವಿರುದ್ಧ ದಿಕ್ಕಿಗೆ ತಿರುಗೋ ಹಾಗೆ, ಉದ್ದ ಕಾಲಿಗೆ ಮರದ ಕೊಡತಿಯಿಂದ ಚುರುಕಾಗಿ ಒಂದೇಟು. ನಿಧಾನವಾಗಿ ಒತ್ತಿದರೆ ಒಳಗಿನ ಮೋಟರೂ ಜೊತೆಗೇ ತಿರುಗುತ್ತೆ, ಏನೂ ಬಿಚ್ಚಲ್ಲ. ಥಟ್ಟನೆ ಹೊಡೆದರೆ ಗೇರು, ಮೋಟರು ಅಷ್ಟು ಬೇಗ ಎಚ್ಚರಾಗಲ್ಲ, ಚಕ್ ಮಾತ್ರ ಕದಲುತ್ತೆ. ಆಮೇಲೆ ಕೈಯಲ್ಲೇ ಬಿಚ್ಚಿಕೊಂಡು ಬರುತ್ತೆ. ಹಳೇ ಚಕ್ಕನ್ನ ಜೇಬಿಗೆ ಹಾಕಿಕೊಂಡು ಹಾರ್ಡ್‌ವೇರ್ ಅಂಗಡಿಗೆ ಹೋಗಿ, ಬೆಂಗಳೂರಾದರೆ ಎಸ್‌ಜೆಪಿ ರಸ್ತೆಗೆ. 'ಇಂಥದ್ದೇ ಕೊಡಿ' ಅಂದರೆ ಸಾಕು.

ಮನೆಯ ಒಂದು ಮೂಲೆಯಲ್ಲಿ ವರ್ಕ್‌ಶಾಪ್ ಮಾಡಿಕೊಂಡು, ಮೇಜಿನ ಮೇಲೆ ನಿಲ್ಲೋ ಬೆಂಚ್ ಡ್ರಿಲ್ ಇಟ್ಟುಕೊಂಡವರೂ ಈಗ ಹೆಚ್ಚುತ್ತಿದ್ದಾರೆ. ಅವರ ಯಂತ್ರದಲ್ಲಿ ಸಾಮಾನ್ಯವಾಗಿ ಮರೆಯೇ ಇರಲ್ಲ. ಚಕ್ ನಿಂತಿರೋದು ಟೇಪರ್ ಮೇಲೆ, ಅಂದರೆ ತುದಿಗೆ ಹೋಗ್ತಾ ಸಣ್ಣಗಾಗೋ ದಂಡದ ಮೇಲೆ. ಸ್ಟೀಫನ್ ಮೋರ್ಸ್ ಅನ್ನೋ ಅಮೆರಿಕದವನ ಹೆಸರಿನ ಮೋರ್ಸ್ ಟೇಪರ್ 1860ರ ದಶಕದ್ದು. 20 ಮಿಲಿಮೀಟರ್ ಉದ್ದಕ್ಕೆ ಹೆಚ್ಚು ಕಡಿಮೆ 1 ಮಿಲಿಮೀಟರ್ ದಪ್ಪ ಇಳಿಯುತ್ತೆ. ಅಷ್ಟು ಸಣ್ಣ ಇಳಿಜಾರಾದ್ದರಿಂದ ಒಮ್ಮೆ ಕೂತರೆ ತಾನಾಗೇ ಕಚ್ಚಿಕೊಳ್ಳುತ್ತೆ, ಮೇಲಿಂದ ಒತ್ತಿದಷ್ಟೂ ಬಿಗಿಯಾಗುತ್ತೆ. ಇದನ್ನ ಮೊದಲ ಸಲ ಓದಿದವರು ಬೆರಗಾಗ್ತಾರೆ. ಊರಲ್ಲಿ ಬೆಳೆದವರಿಗೆ ಬೆರಗಿಲ್ಲ. ಗುದ್ದಲಿಯ ಕಾವು ಸಡಿಲ ಆದಾಗ ನಮ್ಮಪ್ಪ ಕಾವಿನ ತುದಿಯನ್ನ ಕಲ್ಲಿಗೆ ಎರಡು ಸಲ ಕುಟ್ಟಿ, ಸಾಲದಿದ್ದರೆ ಒಂದು ಬೆಣೆ ಹೊಡೆದು ಮತ್ತೆ ಗದ್ದೆಗೆ ಇಳೀತಿದ್ದರು. ತತ್ವ ಅದೇ. ಕಾವು ಮುರೀತು ಅಂತ ಗುದ್ದಲಿ ಎಸೆದ ರೈತನನ್ನ ನಾನು ಈವರೆಗೆ ನೋಡಿಲ್ಲ.

ಟೇಪರ್ ಚಕ್ಕನ್ನ ಬಿಡಿಸೋದೂ ಬೆಣೆಯಿಂದಲೇ. ದಂಡದ ಮೇಲ್ಭಾಗದಲ್ಲಿ ಉದ್ದನೆಯ ಸೀಳು ಇದ್ದರೆ ಅಲ್ಲಿಗೆ ಚಪ್ಪಟೆ ಬೆಣೆ ಹಾಕಿ ಬಡಿದರೆ ಟೇಪರ್ ಕೆಳಗೆ ಬೀಳುತ್ತೆ. ಸೀಳು ಇಲ್ಲದಿದ್ದರೆ ಚಕ್ಕಿನ ಹಿಂದುಗಡೆ ಎರಡೂ ಪಕ್ಕದಿಂದ ಕವೆಯಂಥ ಜೋಡಿ ಬೆಣೆ ಕೊಟ್ಟು ಒಂದರ ಕಡೆಗೊಂದು ಒತ್ತಬೇಕು. ಕೆಳಗೆ ಹಳೇ ಬಟ್ಟೆ ಹಾಸಿರಿ. ಸುತ್ತಿಗೆ ತಗೊಂಡು ಚಕ್ಕಿನ ಪಕ್ಕಕ್ಕೆ ಬಾರಿಸೋ ಶೂರರು ದಂಡ ಬಗ್ಗಿಸ್ತಾರೆ, ಬೇರಿಂಗ್ ಹಾಳು ಮಾಡ್ತಾರೆ, ಆಮೇಲೆ ಯಂತ್ರವೇ ಕಳಪೆ ಅಂತ ಬಯ್ತಾರೆ. ಹೊಸದು ಕೂರಿಸೋವಾಗ ಎರಡೂ ಮೈಯನ್ನ ಎಣ್ಣೆ, ಧೂಳು ಇಲ್ಲದ ಹಾಗೆ ಒರೆಸಿ, ದವಡೆಗಳನ್ನ ಪೂರ್ತಿ ಒಳಗೆ ಎಳೆದು, ಮರದ ತುಂಡು ಅಡ್ಡ ಇಟ್ಟು ಒಂದು ಪೆಟ್ಟು. ಇಲ್ಲಿ ಎಣ್ಣೆ ಹಾಕೋದು ಉಪಕಾರ ಅಲ್ಲ, ಹಿಡಿತವೇ ಹೋಗುತ್ತೆ.

ಅಳತೆಯಲ್ಲಿ ಮಾತ್ರ ಅಂದಾಜು ಬೇಡ. ಬಿ16 ಅನ್ನೋ ಟೇಪರ್ರೂ, ಜೇಕಬ್ಸ್ 33 ಅನ್ನೋ ಟೇಪರ್ರೂ ಕಣ್ಣಿಗೆ ಅಣ್ಣ ತಮ್ಮಂದಿರು. ಎರಡರ ದಪ್ಪ ತುದಿಗೂ ಇರೋ ವ್ಯತ್ಯಾಸ ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟು. ಆದರೆ ಇಳಿಜಾರು ಬೇರೆ. ಒಂದರ ಮೇಲೆ ಇನ್ನೊಂದನ್ನ ಹಾಕಿದರೆ ಕೂತ ಹಾಗೆ ಕಾಣುತ್ತೆ, ಕೆಲಸದ ಮಧ್ಯೆ ಕಳಚುತ್ತೆ. ಅಳತೆ ಚಕ್ಕಿನ ಮೈ ಮೇಲೇ ಕೆತ್ತಿರುತ್ತೆ, ಓದಿ. ಇನ್ನೂ ಒಂದು ಮಾತು. ಟೇಪರ್ ಚಕ್ಕಿಗೆ ಮಿಲ್ಲಿಂಗ್ ಕಟರ್ ಸಿಕ್ಕಿಸಿ ಪಕ್ಕಕ್ಕೆ ಕೊರೆಯೋ ಸಾಹಸ ಬೇಡ. ಟೇಪರ್ ತಡೆಯೋದು ಮೇಲಿಂದ ಬರೋ ಒತ್ತಡವನ್ನ. ಪಕ್ಕದ ಅದುರಿಗೆ ಅದು ಬಿಟ್ಟುಕೊಡುತ್ತೆ, ತಿರುಗ್ತಿರೋ ಚಕ್ ಮೈ ಮೇಲೇ ಬರುತ್ತೆ.

ಇಷ್ಟು ಹೇಳಿದ ಕೂಡಲೇ ಬರೋ ಉತ್ತರ ನನಗೆ ಗೊತ್ತು. 'ನನ್ನ ಒಂದು ಗಂಟೆಗೆ ಇಷ್ಟು ಬೆಲೆ, ಅದರ ಬದಲು ಹೊಸದೇ ಅಗ್ಗ.' ಸರಿ ಸ್ವಾಮಿ. ಹೊಸ ಡ್ರಿಲ್‌ನ ರಿವ್ಯೂ ನೋಡೋಕೆ ಶನಿವಾರ ರಾತ್ರಿ ಕಳೆದ ಮೂರು ಗಂಟೆಗೆ ಬಿಲ್ ಯಾರಿಗೆ ಕಳಿಸಿದಿರಿ? ಚಕ್ ಬದಲಿಸೋಕೆ ಅರ್ಧ ಗಂಟೆ ಸಾಕು. ಎರಡನೇ ಸಲ ಹತ್ತು ನಿಮಿಷ. ಇನ್ನೊಂದು ಉತ್ತರ, 'ಚಕ್ ಬದಲಿಸಿದರೂ ಬಿಟ್ ಅಲುಗಾಡಿದರೆ?' ಇದು ನ್ಯಾಯವಾದ ಪ್ರಶ್ನೆ. ಚಕ್ ಬಿಚ್ಚಿದ ಮೇಲೆ ಖಾಲಿ ದಂಡವನ್ನ ನಿಧಾನಕ್ಕೆ ತಿರುಗಿಸಿ ನೋಡಿ. ದಂಡವೇ ಓಲಾಡ್ತಿದ್ದರೆ ರೋಗ ಚಕ್ಕಿನದ್ದಲ್ಲ, ದುಡ್ಡು ಹಾಕಬೇಡಿ. ದಂಡ ನೆಟ್ಟಗೆ ತಿರುಗಿದರೆ ಹೊಸ ಚಕ್ ತನ್ನಿ. ಪರೀಕ್ಷೆ ಮಾಡಿ ಎಸೆಯೋದಕ್ಕೂ, ಎಸೆಯೋದನ್ನೇ ಪರೀಕ್ಷೆ ಅಂದುಕೊಳ್ಳೋದಕ್ಕೂ ವ್ಯತ್ಯಾಸ ಇದೆ.

ಸಮಯದ ಮಾತು ನೆಪ, ನಿಜವಾದ ಕಾರಣ ಬೇರೆ ಅಂತ ನನ್ನ ಅನುಮಾನ. ಕೈಗೆ ಗ್ರೀಸ್ ಅಂಟೋ ಕೆಲಸ ಕೆಳಗಿನದ್ದು ಅಂತ ನಮ್ಮ ತಲೆಯಲ್ಲಿ ತಲೆಮಾರುಗಳಿಂದ ಕೂತಿದೆ. ಬಡಗಿ, ಕಮ್ಮಾರ, ಮೆಕ್ಯಾನಿಕ್ ಇವರ ತಿಳಿವಳಿಕೆಯನ್ನ ನಾವು ತಿಳಿವಳಿಕೆ ಅಂತ ಲೆಕ್ಕಕ್ಕೇ ಹಿಡಿದಿಲ್ಲ. ಇಂಜಿನಿಯರಿಂಗ್ ಮೊದಲ ವರ್ಷದಲ್ಲಿ ವರ್ಕ್‌ಶಾಪ್ ಪ್ರಾಕ್ಟೀಸ್ ಅಂತ ಒಂದು ಲ್ಯಾಬ್ ಇತ್ತು, ನೆನಪಿದೆಯಾ? ಕಬ್ಬಿಣದ ತುಂಡನ್ನ ಅರದಿಂದ ಉಜ್ಜಿ ಜೋಡಿ ಮಾಡಬೇಕಿತ್ತು. ಅರ್ಧ ಕ್ಲಾಸು ಲ್ಯಾಬ್ ಅಟೆಂಡರ್ ಕೈಯಲ್ಲಿ ಉಜ್ಜಿಸಿಕೊಂಡು, ರೆಕಾರ್ಡ್ ಪುಸ್ತಕ ಚೆಂದ ಬರೆದು ಪಾಸಾಯ್ತು. ಉಜ್ಜಿದವರಿಗೆ ಡಿಗ್ರಿ ಇಲ್ಲ, ಡಿಗ್ರಿ ಬಂದವರಿಗೆ ಉಜ್ಜೋಕೆ ಬರಲ್ಲ. 1953ರಲ್ಲಿ ಎಚ್‌ಎಂಟಿ ಹುಟ್ಟಿದ ಊರು ಇದು. ಲೇತು, ಡ್ರಿಲ್ಲಿಂಗ್ ಯಂತ್ರಗಳನ್ನ ಮಾಡಿ ದೇಶಕ್ಕೆ ಕೊಟ್ಟ ಬೆಂಗಳೂರಲ್ಲಿ ಇವತ್ತು ಒಂದು ಚಕ್ ಬಿಚ್ಚೋಕೆ ಜನ ಆಪ್‌ನಲ್ಲಿ ಆಳು ಹುಡುಕ್ತಾರೆ.

ಸರ್ಕಾರದ ಲೆಕ್ಕವೂ ವಿಚಿತ್ರವೇ. 2022ರಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ರಿಪೇರಿಯ ಹಕ್ಕಿಗೆ ಅಂತ ಸಮಿತಿ ಮಾಡ್ತು. ಮೊದಲಿಗೆ ಆರಿಸಿಕೊಂಡ ನಾಲ್ಕು ವಲಯ ಕೃಷಿ ಉಪಕರಣ, ಮೊಬೈಲ್ ಮತ್ತು ಟ್ಯಾಬ್ಲೆಟ್, ಗೃಹೋಪಯೋಗಿ ವಸ್ತು, ವಾಹನ. ಕೈ ಯಂತ್ರಗಳಿಗೆ ಅಂತ ಪ್ರತ್ಯೇಕ ಜಾಗ ಇರಲಿಲ್ಲ. ಅದೇ 2022ರ ಇ-ತ್ಯಾಜ್ಯ ನಿಯಮಗಳ ಪಟ್ಟಿಯಲ್ಲಿ ಮಾತ್ರ ವಿದ್ಯುತ್ ಉಪಕರಣಗಳ ಸಾಲಿನಲ್ಲಿ ಡ್ರಿಲ್ ಹೆಸರು ಹಿಡಿದು ಕೂತಿದೆ. ಕಾಯಿಲೆ ಬಿದ್ದಾಗ ಕೇಳೋರಿಲ್ಲ, ಹೆಣ ಎತ್ತೋಕೆ ಮಾತ್ರ ಕಾನೂನು ಇದೆ.

'ಹಳೇ ಕಾಲದ ಕಬ್ಬಿಣವೇ ಕಬ್ಬಿಣ' ಅಂತ ನಿಟ್ಟುಸಿರು ಬಿಡೋ ಗುಂಪಿಗೂ ನಾನು ಸೇರಿದವನಲ್ಲ. ಹಳೇದರಲ್ಲೂ ಕಸ ಇತ್ತು, ಹೊಸದರಲ್ಲೂ ಒಳ್ಳೇದಿದೆ. ನನ್ನ ಬೇಡಿಕೆ ಮೂರೇ. ತಯಾರಿಸೋರು ಡಬ್ಬದ ಮೇಲೆ ವ್ಯಾಟಿನ ಪಕ್ಕದಲ್ಲೇ ಚಕ್ಕಿನ ಮರೆ ಅಥವಾ ಟೇಪರ್ ಅಳತೆ ಅಚ್ಚು ಹಾಕಲಿ. ಕೊಳ್ಳೋ ನಾವು 'ಚಕ್ ಬೇರೆ ಸಿಗುತ್ತಾ, ಬಿಚ್ಚೋಕೆ ಬರುತ್ತಾ' ಅಂತ ಕೇಳೋಣ, ಇಲ್ಲ ಅಂದರೆ ವಾಪಸ್ ಇಟ್ಟು ಬರೋಣ. ಇನ್ನೂರು ಮನೆಯ ಅಪಾರ್ಟ್‌ಮೆಂಟಿಗೆ ಇನ್ನೂರು ಡ್ರಿಲ್ ಬೇಡ. ಕ್ಲಬ್‌ಹೌಸಿನ ಬೀರುವಿನಲ್ಲಿ ನಾಲ್ಕು ಒಳ್ಳೇವು, ಎರಡು ಸ್ಪೇರ್ ಚಕ್, ಒಂದು ಜೊತೆ ಬೆಣೆ ಇದ್ದರೆ ಎಲ್ಲರಿಗೂ ಆಯ್ತು.

ಅಲ್ಲೀತನಕ, ಗುಂಪಿನಲ್ಲಿ 'ಕೆಲಸ ಮಾಡ್ತಿಲ್ಲ, ಫ್ರೀ' ಅಂತ ಹಾಕೋ ಮುಂಚೆ ಬಾಯಿ ತೆರೆದು ಒಳಗೆ ಒಮ್ಮೆ ಟಾರ್ಚ್ ಬಿಟ್ಟು ನೋಡಿ. ಸ್ಕ್ರೂ ಉಲ್ಟಾ ಇರುತ್ತೆ, ನೆನಪಿರಲಿ.